ಪೇಟೆಯ ಪಾಪ ಹೆಣ್ಣಿನ ತಲೆಗೆ

ರಮ್ಝಾನಿನ ಕೊನೆಯ ಹತ್ತು ದಿನ ಬಂತೆಂದರೆ ನಮ್ಮ ಮಸೀದಿಗಳಲ್ಲಿ ಒಂದು ಬಯಾನ್, ಅಂದರೆ ಪ್ರವಚನ, ತಪ್ಪುವುದೇ ಇಲ್ಲ. ಹೆಂಗಸರು ಪೇಟೆ ಸುತ್ತುತ್ತಿದ್ದಾರೆ. ಲೈಲತುಲ್ ಕದ್ರ್ ಎಂಬ ಪುಣ್ಯರಾತ್ರಿಯನ್ನು ಹುಡುಕಬೇಕಾದ ರಾತ್ರಿಗಳನ್ನು ಬಟ್ಟೆ ಅಂಗಡಿಯ ಮೆಟ್ಟಿಲಲ್ಲಿ ಕಳೆಯುತ್ತಿದ್ದಾರೆ. ಹಯಾ ಹೋಯಿತು, ಪರ್ದಾ ಹೋಯಿತು, ಕಿಯಾಮತ್ ಇನ್ನು ದೂರವಿಲ್ಲ. ಕೇಳುತ್ತ ಕೂತವರು ತಲೆದೂಗುತ್ತಾರೆ. ತಲೆದೂಗುವವರೆಲ್ಲ ಗಂಡಸರು. ಯಾರ ಮೇಲೆ ಆರೋಪವೋ ಅವರು ಆ ಹಜಾರದಲ್ಲಿ ಇಲ್ಲ. ನಮ್ಮ ಬಹುತೇಕ ಊರುಗಳಲ್ಲಿ ಅವರಿಗೆ ಅಲ್ಲಿ ಜಾಗವೇ ಇಲ್ಲ. ಬಯಾನ್ ಮುಗಿಸಿ ಹೊರಬಿದ್ದ ಇದೇ ಗಂಡಸರಲ್ಲಿ ಎಷ್ಟೋ ಜನ ನೇರ ಹೋಗಿ ತಮ್ಮ ಅಂಗಡಿಯ ಶಟರ್ ಎತ್ತುತ್ತಾರೆ, ಅದೇ ಹೆಂಗಸರ ದಾರಿ ಕಾಯುತ್ತಾರೆ, ಬರದಿದ್ದರೆ ‘ಈ ಸಲ ಈದ್ ವ್ಯಾಪಾರ ಡಲ್’ ಎಂದು ಗೊಣಗುತ್ತಾರೆ. ಮಿಂಬರಿನ ಪೀಠದಿಂದ ಬೈಸಿಕೊಂಡವಳೇ ಗಲ್ಲಾಪೆಟ್ಟಿಗೆಯ ಬಳಿ ‘ಬನ್ನಿ ಆಪಾ’ ಆಗುತ್ತಾಳೆ.

ಇದನ್ನು ಬರೀ ಬೂಟಾಟಿಕೆ ಎಂದು ನಕ್ಕು ಬಿಡಬಹುದಿತ್ತು. ಆದರೆ ಈ ಬಯಾನಿನ ಹಿಂದೆ ಒಂದು ವಾದವಿದೆ, ಅದನ್ನು ಒಳ್ಳೆಯವರೂ ನಂಬಿದ್ದಾರೆ. ಮಾನವಂತ ಮುಸ್ಲಿಂ ಹೆಣ್ಣಿಗೆ ಪೇಟೆಯಲ್ಲಿ ಕೆಲಸವಿಲ್ಲ. ಗಂಡ, ಮಗ, ತಮ್ಮ ತಂದುಹಾಕಿದ್ದು ಅವಳ ಪಾಲು. ತೀರಾ ನಿರ್ವಾಹವಿಲ್ಲದೆ ಹೋದರೆ ಅದೊಂದು ರಿಯಾಯಿತಿ, ಹಕ್ಕಲ್ಲ. ಅಲ್ಲಿ ಏನಾದರೂ ಕೆಟ್ಟದ್ದು ನಡೆದರೆ ಅದಕ್ಕೆ ಮೂಲ ಅವಳು ಬಂದದ್ದು. ಇದಿಷ್ಟನ್ನೂ ‘ಇಸ್ಲಾಮಿನ ಹುಕುಂ’ ಎಂದು ಹೇಳಲಾಗುತ್ತದೆ. ನನ್ನ ತಕರಾರು ಇಷ್ಟೇ: ಇಸ್ಲಾಮಿನ ಮೂಲಗಳು ತಿದ್ದಲು ಹೊರಟದ್ದು ಪೇಟೆಯನ್ನು. ಹೆಣ್ಣನ್ನು ಪೇಟೆಯಿಂದ ತೆಗೆದುಹಾಕಿದ್ದು ಆಮೇಲಿನ ಗಂಡಸರು, ತಮ್ಮನ್ನು ತಿದ್ದಿಕೊಳ್ಳುವ ಕಷ್ಟ ತಪ್ಪಲಿ ಎಂದು.

ಈ ವಾದ ಮೊದಲು ಊರುವುದು ಕುರ್‌ಆನಿನ 33ನೇ ಅಧ್ಯಾಯ ಅಲ್ ಅಹ್ಝಾಬ್‌ನ 33ನೇ ವಚನದ ಮೇಲೆ. ಮನೆಗಳಲ್ಲಿ ನೆಲೆಸಿರಿ, ಹಿಂದಿನ ಅಜ್ಞಾನಕಾಲದವರಂತೆ ಸೊಬಗಿನ ಪ್ರದರ್ಶನ ಮಾಡಿಕೊಂಡು ತಿರುಗಬೇಡಿ ಎಂಬ ಅರ್ಥ ಅದರದು. ಮಿಂಬರಿನಿಂದ ಇದನ್ನು ಓದುವವರು ಅದರ ಹಿಂದಿನ ವಚನ ಓದುವುದನ್ನು ನಾನು ಕೇಳಿದ್ದು ಅಪರೂಪ. ಅಲ್ಲಿ ಸಂಬೋಧನೆ ಪ್ರವಾದಿ ಪತ್ನಿಯರಿಗೆ. ನೀವು ಇತರ ಹೆಂಗಸರಂತಲ್ಲ ಎಂದೇ ಶುರುವಾಗುತ್ತದೆ. ಆ ಮನೆಗೆ ಬೇರೆ ನಿಯಮಗಳಿದ್ದವು. ಪ್ರವಾದಿಯವರ ನಂತರ ಅವರ ಪತ್ನಿಯರು ಮರುಮದುವೆ ಆಗುವಂತಿರಲಿಲ್ಲ. ಅದನ್ನು ಊರಿನ ಎಲ್ಲ ವಿಧವೆಯರಿಗೂ ಯಾರೂ ಹೇರಲಿಲ್ಲ, ಹೇರಿದರೆ ಅದೇ ಪಾಪವಾಗುತ್ತಿತ್ತು. ಸೊಬಗು ಮೆರೆಸುವುದರ ವಿರುದ್ಧದ ಮಾತು ಎಲ್ಲರಿಗೂ ಅನ್ವಯ ಎಂದರೆ ಒಪ್ಪೋಣ. ಆದರೆ ಮೆರೆಸದೆ ತಿರುಗುವುದೂ ಇದೆಯಲ್ಲ? ವಚನ ತಡೆದದ್ದು ತಿರುಗುವ ಒಂದು ರೀತಿಯನ್ನು. ಮನೆಯಿಂದ ಹೊರಗೆ ಕಾಲಿಡಲೇ ಬಾರದಾಗಿದ್ದರೆ, ಹೊರಗೆ ಹೋಗುವಾಗ ಮೇಲುಹೊದಿಕೆ ಎಳೆದುಕೊಳ್ಳಿ ಎಂದು ಅದೇ ಅಧ್ಯಾಯದ 59ನೇ ವಚನ, ಪ್ರವಾದಿ ಪತ್ನಿಯರು ಮತ್ತು ಪುತ್ರಿಯರ ಜೊತೆಗೆ ವಿಶ್ವಾಸಿಗಳ ಹೆಂಗಸರನ್ನೂ ಸೇರಿಸಿ, ಯಾಕೆ ಹೇಳಬೇಕಿತ್ತು? ಒಳಮನೆಯಲ್ಲಿ ಕೂತವಳಿಗೆ ಮೇಲುಹೊದಿಕೆ ಯಾತಕ್ಕೆ?

ಪ್ರವಾದಿ ಪತ್ನಿಯರೂ ಹೊರಗೆ ಹೋದರು. ಇಮಾಮ್ ಬುಖಾರಿಯವರ ಹದೀಸ್ ಸಂಗ್ರಹದಲ್ಲಿರುವ, ಆ ಪತ್ನಿಯರಲ್ಲೊಬ್ಬರಾದ ಸೌದಾ ಅವರ ಪ್ರಸಂಗ ನೋಡಿ. ಪರ್ದಾದ ಆದೇಶ ಬಂದ ಮೇಲೆ ಒಂದು ರಾತ್ರಿ ಅವರು ಹೊರಗೆ ಹೋದರು. ಎತ್ತರದ ಮೈಕಟ್ಟಿನ ಹೆಂಗಸು, ಗುರುತು ಮರೆಸುವುದು ಕಷ್ಟ. ಮುಂದೆ ಖಲೀಫರಾದ ಉಮರ್ ದಾರಿಯಲ್ಲಿ ಕಂಡು, ನಿಮ್ಮನ್ನು ಗುರುತು ಹಿಡಿದೆ, ಹೇಗೆ ಹೊರಡುತ್ತೀರಿ ನೋಡಿಕೊಳ್ಳಿ ಎಂದರು. ಸೌದಾ ಅಲ್ಲೇ ಅಳುತ್ತ ಕೂರಲಿಲ್ಲ, ಸುಮ್ಮನೆ ಒಪ್ಪಿಕೊಳ್ಳಲೂ ಇಲ್ಲ. ನೇರ ಆಯಿಷಾರ ಮನೆಗೆ ಹೋದರು. ಪ್ರವಾದಿಯವರು ರಾತ್ರಿಯೂಟ ಮಾಡುತ್ತಿದ್ದರು, ಕೈಯಲ್ಲಿ ಮಾಂಸದ ಎಲುಬಿತ್ತು. ದೂರು ಕೇಳಿದರು. ವಹ್ಯ್, ದೇವವಾಣಿ, ಇಳಿಯಿತು, ಎಲುಬು ಇನ್ನೂ ಕೈಯಲ್ಲೇ ಇತ್ತು. ನಿಮ್ಮ ಅಗತ್ಯಗಳಿಗಾಗಿ ಹೊರಗೆ ಹೋಗಲು ನಿಮಗೆ ಅನುಮತಿ ಇದೆ ಎಂದು ಉತ್ತರ ಬಂತು. ಉಮರ್ ಅಂಥವರ ಆಕ್ಷೇಪವೂ ಅಲ್ಲಿಗೆ ಮುಗಿಯಿತು. ಇಲ್ಲಿ ‘ಅಗತ್ಯ’ ಎಂದರೆ ಬಹಿರ್ದೆಸೆ ಮಾತ್ರ ಎಂದು ಕೆಲವರು ಕಟ್ಟುಹಾಕುತ್ತಾರೆ. ಆ ಅರ್ಥ ಹೇಳಿದವರು ಹಿಂದೆಯೂ ಇದ್ದಾರೆ, ನಿಜ. ಆದರೆ ಇಮಾಮ್ ಬುಖಾರಿ ಈ ಹದೀಸನ್ನು ವಿವಾಹದ ಭಾಗದಲ್ಲಿ ಮತ್ತೊಮ್ಮೆ ಇಟ್ಟು, ಹೆಂಗಸರು ತಮ್ಮ ಅಗತ್ಯಗಳಿಗಾಗಿ ಹೊರಗೆ ಹೋಗುವುದು ಎಂಬ ಅರ್ಥದ ತಲೆಬರಹವನ್ನೇ ಕೊಟ್ಟರು. ಅವರಿಗೆ ಬಹಿರ್ದೆಸೆ ಎಂದು ಬರೆಯಲು ಬಾರದೆ ಇರಲಿಲ್ಲ.

ಇನ್ನು ಪೇಟೆಯ ಮಾತಿಗೇ ಬರೋಣ. ಇಬ್ನ್ ಮಾಜಾ ಅವರ ಸಂಗ್ರಹದಲ್ಲಿ ವ್ಯಾಪಾರದ ಅಧ್ಯಾಯವಿದೆ. ಅದರಲ್ಲಿ ಖೈಲಾ ಎಂಬ ಹೆಂಗಸು ಬರುತ್ತಾಳೆ. ಉಮ್ರಾ ಸಮಯದಲ್ಲಿ ಮರ್ವಾ ಬೆಟ್ಟದ ಬಳಿ ಪ್ರವಾದಿಯವರನ್ನು ಹಿಡಿದು ಅವಳು ಕೇಳಿದ್ದು ಪರ್ದಾದ ಪ್ರಶ್ನೆಯಲ್ಲ, ಚೌಕಾಸಿಯ ಪ್ರಶ್ನೆ. ನಾನು ಕೊಂಡು ಮಾರುವ ಹೆಂಗಸು. ಕೊಳ್ಳುವಾಗ ಮನಸ್ಸಿನಲ್ಲಿರುವ ಬೆಲೆಗಿಂತ ಕಡಿಮೆ ಕೇಳುತ್ತೇನೆ, ಆಮೇಲೆ ಏರಿಸುತ್ತ ಹೋಗುತ್ತೇನೆ. ಮಾರುವಾಗ ಜಾಸ್ತಿ ಹೇಳುತ್ತೇನೆ, ಆಮೇಲೆ ಇಳಿಸುತ್ತ ಬರುತ್ತೇನೆ. ಇದು ಸರಿಯೇ? ಮಂಗಳೂರಿನ ಸೆಂಟ್ರಲ್ ಮಾರ್ಕೆಟ್ಟಿನಲ್ಲೋ ಶಿವಾಜಿನಗರದ ರಸೆಲ್ ಮಾರ್ಕೆಟ್ಟಿನಲ್ಲೋ ಒಮ್ಮೆ ಮೀನು ಕೊಂಡವರಿಗೆಲ್ಲ ಈ ಪ್ರಶ್ನೆ ಅರ್ಥವಾಗುತ್ತದೆ. ಉತ್ತರ ಹೀಗಿತ್ತು: ಹಾಗೆ ಮಾಡಬೇಡ, ಕೊಡುವ ಬೆಲೆಯನ್ನೇ ಕೇಳು, ಸಿಕ್ಕರೆ ಸಿಗಲಿ, ಇಲ್ಲದಿದ್ದರೆ ಬಿಡಲಿ, ಮಾರುವಾಗಲೂ ಹಾಗೆಯೇ. ಈ ವರದಿಯ ಸನದು, ಅಂದರೆ ದಾಟಿಸಿದವರ ಸರಪಳಿ, ದುರ್ಬಲ ಎಂದು ಹದೀಸ್ ವಿದ್ವಾಂಸರು ಹೇಳಿದ್ದಾರೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಇದನ್ನು ಸಂಗ್ರಹಿಸಿದವರಿಗೆ, ದಾಟಿಸಿದವರಿಗೆ, ಓದಿಸಿದವರಿಗೆ ಒಬ್ಬಳು ವ್ಯಾಪಾರಿ ಹೆಂಗಸು ತನ್ನ ಕಸುಬಿನ ನೀತಿ ಕೇಳುವುದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ನೀನು ಪೇಟೆಗೆ ಯಾಕೆ ಹೋದೆ, ಜೊತೆಗೆ ಮಹ್ರಮ್, ಹತ್ತಿರದ ಗಂಡು ಬಂಧು, ಯಾರಿದ್ದರು ಎಂಬ ಪ್ರಶ್ನೆ ಆ ಕಥೆಯೊಳಗೆ ಯಾರಿಗೂ ಹೊಳೆಯಲಿಲ್ಲ. ಇವತ್ತಿನ ನಮ್ಮ ಉಸ್ತಾದರಿಗೆ ಹೊಳೆಯುವ ಮೊದಲ ಪ್ರಶ್ನೆಯೇ ಅದು.

ಸನದು ಗಟ್ಟಿಯಿರುವವನ್ನೇ ಬೇಕೆನ್ನುವವರಿಗೆ ಸಹೀಹ್ ಮುಸ್ಲಿಮ್‌ನ ಒಂದು ಪ್ರಸಂಗ ಇದೆ. ಪ್ರವಾದಿಯವರ ಒಡನಾಡಿ ಜಾಬಿರ್ ಅವರ ಚಿಕ್ಕಮ್ಮನಿಗೆ ತಲಾಖ್ ಆಗಿತ್ತು, ಕಾಯಬೇಕಾದ ಇದ್ದತ್ ಅವಧಿ ನಡೆಯುತ್ತಿತ್ತು. ಖರ್ಜೂರದ ಗೊನೆ ಕೊಯ್ಯಲು ತೋಟಕ್ಕೆ ಹೊರಟಾಗ ಒಬ್ಬ ಗಂಡಸು ಗದರಿದ. ಆಕೆ ಪ್ರವಾದಿಯವರ ಬಳಿ ಹೋದರು. ಹೋಗಿ ಕೊಯ್ದುಕೋ, ಅದರಿಂದ ನೀನು ದಾನ ಮಾಡಬಹುದು, ಏನಾದರೂ ಒಳಿತು ಮಾಡಬಹುದು ಎಂದರು. ಗದರಿದವನ ಹೆಸರು ಇತಿಹಾಸದಲ್ಲಿ ಉಳಿದಿಲ್ಲ. ಅವನ ಸಂತಾನ ಮಾತ್ರ ಬೇಕಾದಷ್ಟಿದೆ.

ಅಸ್ಮಾ ಬಿಂತ್ ಅಬೂಬಕರ್ ತಮ್ಮ ಗಂಡನ ಜಮೀನಿನಿಂದ ಖರ್ಜೂರದ ಬೀಜದ ಹೊರೆಯನ್ನು ತಲೆಯ ಮೇಲೆ ಹೊತ್ತು ನಡೆದು ಬರುತ್ತಿದ್ದರು. ಪ್ರವಾದಿ ಪತ್ನಿ ಝೈನಬ್ ಚರ್ಮ ಹದಮಾಡಿ ಬಂದದ್ದನ್ನು ದಾನ ಮಾಡುತ್ತಿದ್ದರು. ಅಬ್ದುಲ್ಲಾಹ್ ಇಬ್ನ್ ಮಸ್ಊದರ ಪತ್ನಿ ಕೈಕಸುಬಿನ ಸಾಮಾನು ಮಾರಿ ಗಂಡ ಮಕ್ಕಳನ್ನು ಸಾಕುತ್ತಿದ್ದರು. ಪ್ರವಾದಿಯವರ ಮೊದಲ ಪತ್ನಿ ಖದೀಜಾರ ವ್ಯಾಪಾರದ ಮಾತನ್ನು ಮತ್ತೆ ಎತ್ತುವುದಿಲ್ಲ. ಅವರನ್ನು ವರ್ಷಕ್ಕೊಮ್ಮೆ ಹೊಗಳಿ ಉಳಿದ ದಿನ ಮರೆಯುವುದು ನಮಗೆ ರೂಢಿಯಾಗಿಬಿಟ್ಟಿದೆ. ಉಮರ್ ಅವರು ಶಿಫಾ ಎಂಬ ಹೆಂಗಸಿಗೆ ಮದೀನಾದ ಪೇಟೆಯ ಮೇಲ್ವಿಚಾರಣೆ ವಹಿಸಿದ್ದರು ಎಂದು ನಮ್ಮ ಸುಧಾರಕರು ಭಾಷಣಗಳಲ್ಲಿ ಹೇಳುವುದುಂಟು. ಅದನ್ನು ನಾನು ಆಧಾರವಾಗಿ ಬಳಸುವುದಿಲ್ಲ. ಆ ವರದಿಯ ಬೇರು ಸಡಿಲ, ಇಬ್ನುಲ್ ಅರಬಿಯಂಥ ವಿದ್ವಾಂಸರು ತಿರಸ್ಕರಿಸಿದ್ದಾರೆ. ಅದಿಲ್ಲದೆಯೂ ಸಾಕ್ಷ್ಯಕ್ಕೆ ಕೊರತೆಯಿಲ್ಲ.

ಈಗ ಆ ಪ್ರಸಿದ್ಧ ‘ಫಿತ್ನ’. ಪೇಟೆಯಲ್ಲಿ ಗಂಡು ಹೆಣ್ಣು ಎದುರುಬದುರಾದರೆ ಕಣ್ಣು ಜಾರುತ್ತದೆ, ಮನಸ್ಸು ಕೆಡುತ್ತದೆ. ಆದ್ದರಿಂದ ಹೆಣ್ಣು ಬರದಿರಲಿ. ಕುರ್‌ಆನಿನ 24ನೇ ಅಧ್ಯಾಯ ಅನ್ನೂರ್ ಈ ಸಮಸ್ಯೆಯನ್ನು ಬಲ್ಲದು, ಅದಕ್ಕೆ ಪರಿಹಾರವನ್ನೂ ಹೇಳುತ್ತದೆ. ದೃಷ್ಟಿ ತಗ್ಗಿಸುವ ಆಜ್ಞೆ 30ನೇ ವಚನದಲ್ಲಿ ಗಂಡಸರಿಗೆ ಬರುತ್ತದೆ, 31ರಲ್ಲಿ ಹೆಂಗಸರಿಗೆ. ಆದೇಶದ ಸರದಿಯಲ್ಲಿ ನಾವು ಮುಂದೆ, ಬಯಾನಿನ ಸರದಿಯಲ್ಲಿ ನಾವು ಮಾಯ. ಎದುರಿಗೆ ಹೆಣ್ಣೇ ಇಲ್ಲದ ಬೀದಿಯಲ್ಲಿ ದೃಷ್ಟಿ ತಗ್ಗಿಸಿ ಎಂದು ಯಾರಿಗಾದರೂ ಹೇಳಬೇಕೆ? ಆ ಆಜ್ಞೆಗೆ ಅರ್ಥ ಬರುವುದೇ ಅವಳು ಬೀದಿಯಲ್ಲಿರುತ್ತಾಳೆ ಎಂಬ ಲೆಕ್ಕದಲ್ಲಿ.

ಪ್ರವಾದಿಯವರು ಇದನ್ನು ನಡೆದು ತೋರಿಸಿದ್ದು ವಿದಾಯ ಹಜ್ಜಿನಲ್ಲಿ. ಚಿಕ್ಕಪ್ಪನ ಮಗ ಫಝ್ಲ್ ಪ್ರವಾದಿಯವರ ಹಿಂದೆ ಒಂಟೆಯ ಮೇಲೆ ಕೂತಿದ್ದ, ಚೆಲುವ ಹುಡುಗ. ಖಸ್ಅಮ್ ಬುಡಕಟ್ಟಿನ ಹೆಂಗಸೊಬ್ಬಳು ತನ್ನ ಮುದಿ ತಂದೆಯ ಪರವಾಗಿ ಹಜ್ಜ್ ಮಾಡಬಹುದೇ ಎಂದು ಕೇಳಲು ಬಂದಳು. ಫಝ್ಲ್ ಅವಳನ್ನು ನೋಡತೊಡಗಿದ, ಅವಳೂ ಅವನನ್ನು ನೋಡಿದಳು. ಪ್ರವಾದಿಯವರು ಕೈಯಿಂದ ಫಝ್ಲನ ಮುಖವನ್ನು ಆಚೆ ತಿರುಗಿಸಿದರು. ಹೆಂಗಸಿನ ಪ್ರಶ್ನೆಗೆ ಉತ್ತರ ಕೊಟ್ಟರು. ಅವಳು ಬಂದದ್ದೇ ತಪ್ಪು ಎನ್ನಲಿಲ್ಲ, ಇನ್ನು ಮುಂದೆ ಗಂಡಸರ ಮೂಲಕ ಕೇಳಿಸು ಎನ್ನಲಿಲ್ಲ. ಫಿತ್ನದ ಚಿಕಿತ್ಸೆ ಹುಡುಗನ ಕತ್ತಿಗೆ ನಡೆಯಿತು. ನಮ್ಮ ಜಮಾಅತ್ ಕಮಿಟಿಗಳು ಇದೇ ಕಥೆಯನ್ನು ನಡೆಸಿದ್ದರೆ ಹೆಂಗಸನ್ನು ಮನೆಗೆ ಅಟ್ಟಿ, ಹುಡುಗನಿಗೆ ‘ಸಬರ್ ಮಾಡು ಮಗನೇ’ ಎಂದು ಬೆನ್ನು ತಟ್ಟುತ್ತಿದ್ದವು.

ದಾರಿಬದಿಯಲ್ಲಿ ಕೂರುವ ಗಂಡಸರ ಬಗ್ಗೆಯೂ ಬುಖಾರಿಯಲ್ಲಿ ಹದೀಸ್ ಇದೆ. ಕೂರಬೇಡಿ ಎಂದರು ಪ್ರವಾದಿಯವರು. ನಮಗೆ ಮಾತಾಡಲು ಬೇರೆ ಜಾಗವಿಲ್ಲ ಎಂದು ಸಹಾಬಿಗಳು ಹೇಳಿದಾಗ, ಹಾಗಿದ್ದರೆ ದಾರಿಗೆ ಸಲ್ಲಬೇಕಾದ್ದನ್ನು ಸಲ್ಲಿಸಿ ಎಂದರು: ದೃಷ್ಟಿ ತಗ್ಗಿಸುವುದು, ಯಾರಿಗೂ ತೊಂದರೆ ಕೊಡದಿರುವುದು, ಸಲಾಮಿಗೆ ಉತ್ತರಿಸುವುದು, ಒಳಿತನ್ನು ಹೇಳಿ ಕೆಡುಕನ್ನು ತಡೆಯುವುದು. ಅಂದರೆ ಬೀದಿಯಲ್ಲಿ ಕೂರಲು ಷರತ್ತು ಬಿದ್ದದ್ದು ಗಂಡಸಿನ ಮೇಲೆ. ಮೊಬೈಲ್ ಅಂಗಡಿಯ ಮುಂದೆ ಬೈಕಿಗೆ ಒರಗಿ ಇಶಾದಿಂದ ಸಹ್ರಿಯವರೆಗೆ ನಿಲ್ಲುವ ನಮ್ಮ ಹುಡುಗರಿಗೆ ಈ ಷರತ್ತನ್ನು ಓದಿ ಹೇಳಿದವರಾರು?

ಅಲ್ಲಾಹನಿಗೆ ಅತಿ ಪ್ರಿಯ ಸ್ಥಳ ಮಸೀದಿ, ಅತಿ ಅಪ್ರಿಯ ಸ್ಥಳ ಪೇಟೆ ಎಂಬ ಹದೀಸೂ ಈ ವಾದದ ಬತ್ತಳಿಕೆಯಲ್ಲಿದೆ. ಸಹೀಹ್ ಮುಸ್ಲಿಮ್‌ನಲ್ಲಿದೆ, ಸನದಿನ ತಕರಾರಿಲ್ಲ. ಆದರೆ ಅದರಲ್ಲಿ ಹೆಣ್ಣು ಎಂಬ ಮಾತೇ ಇಲ್ಲ. ಪೇಟೆ ಅಪ್ರಿಯವಾಗುವುದು ಅಲ್ಲಿನ ಸುಳ್ಳು ಆಣೆ, ಮೋಸ, ದುರಾಸೆಯಿಂದ. ಅದು ಅಂಗಡಿ ಇಟ್ಟವನಿಗೂ ಅಷ್ಟೇ ಅನ್ವಯ. ಪ್ರವಾದಿಯವರೇ ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿ ಒಳಗಿನ ಒದ್ದೆ ಹಿಡಿದವರು. ಪ್ರವಾದಿಗಳೆಲ್ಲ ಊಟ ಮಾಡುತ್ತಿದ್ದರು, ಪೇಟೆಗಳಲ್ಲಿ ನಡೆದಾಡುತ್ತಿದ್ದರು ಎಂದು 25ನೇ ಅಧ್ಯಾಯ ಅಲ್ ಫುರ್ಕಾನ್ ಹೇಳುತ್ತದೆ. ಪೇಟೆಯಲ್ಲಿ ತಿರುಗುವ ಪ್ರವಾದಿಯೇ ಎಂದು ಹಂಗಿಸಿದವರು ಮಕ್ಕಾದ ವಿರೋಧಿಗಳು. ಅದೂ ಇರಲಿ. ಈ ಹದೀಸನ್ನು ಹೆಣ್ಣಿನ ವಿರುದ್ಧ ಎತ್ತುವವರಿಗೆ ನೇರ ಪ್ರಶ್ನೆ: ಪೇಟೆ ಕೆಟ್ಟ ಜಾಗವೆಂದು ಅವಳನ್ನು ತಡೆದಿರಿ, ಸರಿ. ಒಳ್ಳೆಯ ಜಾಗಕ್ಕಾದರೂ ಬಿಟ್ಟಿರಾ? ಅಲ್ಲಾಹನ ದಾಸಿಯರನ್ನು ಮಸೀದಿಗಳಿಂದ ತಡೆಯಬೇಡಿ ಎಂಬ ಹದೀಸ್ ಇದ್ದೂ ನಮ್ಮ ಬಹುತೇಕ ಮಸೀದಿಗಳ ಬಾಗಿಲು ಅವಳಿಗೆ ಮುಚ್ಚಿದೆ. ಉಮರ್ ಅವರಿಗೆ ತಮ್ಮ ಪತ್ನಿ ಮಸೀದಿಗೆ ಹೋಗುವುದು ಇಷ್ಟವಿರಲಿಲ್ಲ. ಆದರೂ ಆ ಹದೀಸಿನ ಮುಂದೆ ತಡೆಯಲಾರದೆ ಸುಮ್ಮನಿದ್ದರು. ನಮ್ಮವರು ಉಮರ್‌ಗಿಂತ ಬಿಗಿ. 2000ದಲ್ಲಿ ಹೆಂಗಸರಿಗೂ ಮಸೀದಿಗೆ ಹೋಗುವ ಹಕ್ಕಿದೆ ಎಂದದ್ದಕ್ಕೆ ಲೇಖಕಿ ಬಾನು ಮುಷ್ತಾಕ್ ಮತ್ತವರ ಮನೆಯವರು ಹಾಸನದಲ್ಲಿ ಬಹಿಷ್ಕಾರ ಅನುಭವಿಸಬೇಕಾಯಿತು. ಅದೇ ಲೇಖಕಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದಾಗ ಹೂಗುಚ್ಛ ಹಿಡಿದ ಕೈಗಳೆಷ್ಟು!

ಇದಕ್ಕೆ ಎದುರಾಗಿ ಬರುವ ಅತ್ಯಂತ ಬಲವಾದ ಮಾತನ್ನು ನಾನೇ ಹೇಳುತ್ತೇನೆ. ಪ್ರವಾದಿಯವರ ನಂತರ ಆಯಿಷಾ ಒಮ್ಮೆ ಬೇಸರದಿಂದ, ಇವತ್ತಿನ ಹೆಂಗಸರ ರೀತಿಯನ್ನು ಅವರು ಕಂಡಿದ್ದರೆ ಮಸೀದಿಯಿಂದ ತಡೆಯುತ್ತಿದ್ದರು ಎಂದರು. ಬುಖಾರಿಯಲ್ಲೇ ಇದೆ. ಮಸೀದಿಗೇ ಹೀಗಾದರೆ ಪೇಟೆಗೆ ಕೇಳಬೇಕೆ, ಕಾಲ ಕೆಟ್ಟಿದೆ ಎಂಬುದು ವಾದ. ಆದರೆ ಆಯಿಷಾ ತಡೆಯಲಿಲ್ಲ, ತಡೆಯಿರಿ ಎಂದು ಫತ್ವಾ ಕೊಡಲೂ ಇಲ್ಲ. ಇಬ್ನ್ ಹಝ್ಮ್ ಹಿಂದೆಯೇ ಇದಕ್ಕೆ ಉತ್ತರಿಸಿದ್ದಾರೆ, ಬುಖಾರಿಗೆ ವ್ಯಾಖ್ಯಾನ ಬರೆದ ಇಬ್ನ್ ಹಜರ್ ಕೂಡ: ‘ಕಂಡಿದ್ದರೆ’ ಎಂಬುದು ನಡೆಯದ ಸಂಗತಿ, ಕಾಣಲಿಲ್ಲ, ತಡೆಯಲಿಲ್ಲ, ಹುಕುಂ ಇದ್ದಂತೆಯೇ ಇದೆ. ಮುಂದೆ ಏನಾಗುತ್ತದೆ ಎಂಬುದು ಅಲ್ಲಾಹನಿಗೆ ಗೊತ್ತಿರಲಿಲ್ಲವೇ? ಕೆಲವರು ಕೆಟ್ಟರೆ ಎಲ್ಲರನ್ನೂ ಕೂಡಿಹಾಕುವ ನ್ಯಾಯವನ್ನು ಗಂಡಸರಿಗೆ ಒಮ್ಮೆ ಅನ್ವಯಿಸಿ ನೋಡಿ. ಆಗ ರಮ್ಝಾನ್ ರಾತ್ರಿಗಳಲ್ಲಿ ಬೆಂಗಳೂರಿನ ತಿಂಡಿಬೀದಿ ಮಾಸ್ಕ್ ರೋಡ್ ಖಾಲಿ ಹೊಡೆಯುತ್ತದೆ.

ಹಯಾ ಎಂದರೆ ಹೆಣ್ಣಿನ ಒಡವೆ ಎಂದುಕೊಂಡವರಿಗೂ ಒಂದು ಮಾತು. ಹಯಾ ಈಮಾನಿನ ಭಾಗ ಎಂಬ ಹದೀಸ್ ಹುಟ್ಟಿದ ಸಂದರ್ಭವೇ ಒಬ್ಬ ಗಂಡಸಿನದು. ಒಬ್ಬ ಅನ್ಸಾರಿ ತನ್ನ ಸಹೋದರನಿಗೆ, ನಿನ್ನ ನಾಚಿಕೆ ಅತಿಯಾಯಿತು ಎಂದು ಬುದ್ಧಿ ಹೇಳುತ್ತಿದ್ದ. ಬಿಡು ಅವನನ್ನು ಎಂದರು ಪ್ರವಾದಿಯವರು. ಅವರೇ ಪರದೆಯೊಳಗಿನ ಕನ್ಯೆಗಿಂತ ಹೆಚ್ಚು ಸಂಕೋಚದವರಾಗಿದ್ದರು ಎಂದು ಅಬೂ ಸಈದ್ ಖುದ್ರಿ ಹೇಳಿದ್ದು ಬುಖಾರಿಯಲ್ಲಿದೆ. ಈ ಹದೀಸುಗಳ ಮೇಲೆ ಹುಡುಗರಿಗಾಗಿ ಒಂದು ಗಂಟೆ ಮಾತಾಡಿದ ಬಯಾನನ್ನು ಕೇಳಿದವರು ನನಗೆ ತಿಳಿಸಲಿ.

ಹಳೆಯ ಇಸ್ಲಾಮೀ ಪೇಟೆಗಳಿಗೆ ಮುಹ್ತಸಿಬ್ ಎಂಬ ಅಧಿಕಾರಿ ಇರುತ್ತಿದ್ದ: ತೂಕ, ಅಳತೆ, ಕಲಬೆರಕೆ, ನಡತೆ ಎಲ್ಲ ಅವನ ಮೇಲ್ವಿಚಾರಣೆ. 12ನೇ ಶತಮಾನದ ಸಿರಿಯಾದಲ್ಲಿ ಶೈಝರಿ ಎಂಬಾತ ಈ ಅಧಿಕಾರಿಗಾಗಿ ಒಂದು ಕೈಪಿಡಿ ಬರೆದ. ಹೆಂಗಸರು ಸೇರುವ ನೂಲಿನ ಪೇಟೆ, ನಾರಿನ ಪೇಟೆ, ನದಿದಡ, ಹೆಂಗಸರ ಹಮಾಮಿನ ಬಾಗಿಲು, ಇವುಗಳತ್ತ ಮುಹ್ತಸಿಬ್ ಆಗಾಗ ಹೋಗಬೇಕು ಎನ್ನುತ್ತಾನೆ. ಯಾತಕ್ಕೆ? ಹೆಂಗಸರನ್ನು ಓಡಿಸಲಿಕ್ಕಲ್ಲ. ಕೊಡುಕೊಳ್ಳುವ ಕೆಲಸವಿಲ್ಲದೆ ಅಲ್ಲಿ ಹೆಣ್ಣಿನ ಜೊತೆ ಮಾತಿಗಿಳಿದು ನೋಡುತ್ತ ನಿಂತ ಯುವಕನನ್ನು ದಂಡಿಸಿ, ಅಲ್ಲಿಂದ ಕದಲಿಸಲಿಕ್ಕೆ. ನೂಲು ಮಾರಲು ಬಂದವಳದು ಪೇಟೆ. ಸುಮ್ಮನೆ ನಿಂತವನದು ಅಪರಾಧ. ಎಂಟುನೂರು ವರ್ಷಕ್ಕೂ ಹಿಂದಿನ ಒಬ್ಬ ಕೈಪಿಡಿಕಾರನಿಗೆ ಇದ್ದ ವಿವೇಕವನ್ನು ನಾವು ಎಲ್ಲಿ ಕಳೆದುಕೊಂಡೆವು?

ತಡೆದು ನೋಡಿದವರೂ ಇದ್ದರು. ಈಜಿಪ್ಟಿನ ಫಾತಿಮಿ ಖಲೀಫ ಹಾಕಿಮ್ 1014ರಲ್ಲಿ ಹೆಂಗಸರು ಮನೆಯಿಂದ ಹೊರಡಲೇ ಕೂಡದೆಂದ. ಕೈರೋದ ಚಮ್ಮಾರರು ಹೆಂಗಸರ ಚಪ್ಪಲಿ ಹೊಲಿಯಬಾರದೆಂದ. ಏಳು ವರ್ಷ ಅದು ನಡೆಯಿತು, ಅವನು ಕಾಣೆಯಾಗುವವರೆಗೆ. ಇತಿಹಾಸಕಾರರು ಇದನ್ನು ಬರೆದದ್ದು ಅವನ ವಿಕ್ಷಿಪ್ತ ಆಜ್ಞೆಗಳ ಸಾಲಿನಲ್ಲಿ, ಶರೀಅತ್ತಿನ ಮಾದರಿಯೆಂದಲ್ಲ. ಆಮೇಲೆ 1438ರಲ್ಲಿ ಪ್ಲೇಗ್ ಬಂದಾಗ ಮಮ್ಲೂಕ್ ಸುಲ್ತಾನ್ ಬರ್ಸ್‌ಬಾಯ್‌ಗೆ ಸಲಹೆಗಾರರು, ಬೀದಿ ಪೇಟೆಗಳಲ್ಲಿ ತಿರುಗುವ ಹೆಂಗಸರಿಂದಲೇ ಈ ವಿಪತ್ತು ಎಂದರು. ಹೆಂಗಸರು ಮನೆ ಸೇರಬೇಕಾಯಿತು. ದುಡಿದು ಉಣ್ಣುವ ವಿಧವೆಯರು ಕಂಗೆಟ್ಟರು, ವ್ಯಾಪಾರ ಬಿದ್ದುಹೋಯಿತು, ಪ್ಲೇಗ್ ಮಾತ್ರ ಕದಲಲಿಲ್ಲ. ಅದೇ ವರ್ಷ ಸುಲ್ತಾನನೇ ತೀರಿಕೊಂಡ. 1336ರಲ್ಲಿ ತೀರಿಹೋದ ಇಬ್ನುಲ್ ಹಾಜ್ ಎಂಬ ವಿದ್ವಾಂಸ ಕೈರೋ ಹೆಂಗಸರು ಪೇಟೆಗೆ ಹೋಗುವುದರ ಮೇಲೆ ಪುಟಗಟ್ಟಲೆ ಸಿಟ್ಟು ಕಾರಿದ್ದಾನೆ. ಅವನ ಸಿಟ್ಟೇ ನಮಗೆ ಸಾಕ್ಷಿ: ಹೆಂಗಸರು ಬಟ್ಟೆಯಂಗಡಿಯಲ್ಲೂ ಅಕ್ಕಸಾಲಿಗನ ಮುಂದೆಯೂ ನಿರಾಳವಾಗಿ ಕೂತಿದ್ದರು.

ನಮ್ಮ ಕಾಲದಲ್ಲಿ ಈ ವಾದ ತನ್ನ ಕೊನೆ ಮುಟ್ಟಿರುವುದು ಅಫ್ಘಾನಿಸ್ತಾನದಲ್ಲಿ. 2021ರ ಡಿಸೆಂಬರಿನಲ್ಲಿ ತಾಲಿಬಾನ್, 72 ಕಿಲೋಮೀಟರಿಗಿಂತ ದೂರ ಹೋಗುವ ಹೆಣ್ಣಿಗೆ ಗಂಡು ಬಂಧು ಜೊತೆಗಿರಬೇಕೆಂದಿತು. 2022ರಲ್ಲಿ ಅವಳಿಗೆ ಉದ್ಯಾನಗಳು ಮುಚ್ಚಿದವು. 2024ರ ಆಗಸ್ಟಿನ ಕಾನೂನು ಅವಳ ದನಿಯನ್ನೇ ಮುಚ್ಚಿಡಬೇಕಾದ ವಸ್ತುಗಳ ಪಟ್ಟಿಗೆ ಸೇರಿಸಿತು. ಮರ್ವಾದ ಬಳಿ ನಿಂತು ಚೌಕಾಸಿಯ ಲೆಕ್ಕ ಒಪ್ಪಿಸಿದ ಖೈಲಾ ಇವತ್ತು ಕಾಬೂಲಿನಲ್ಲಿ ಬಾಯಿ ಬಿಟ್ಟರೆ ಅಪರಾಧಿ.

ಸೌದಿ ಅರೇಬಿಯಾದ ಕಥೆ ಇನ್ನೂ ಸೊಗಸು. ಹೆಣ್ಣು ಗಂಡು ಬೆರೆಯಬಾರದೆಂದು ಹೆಂಗಸರನ್ನು ಅಂಗಡಿಯ ಕೆಲಸದಿಂದ ದೂರವಿಟ್ಟ ದೇಶದಲ್ಲಿ ಹೆಂಗಸರಿಗೆ ಒಳಉಡುಪು ಮಾರುತ್ತಿದ್ದವರು ಯಾರು? ಪರದೇಶದಿಂದ ಬಂದ ಗಂಡಸರು. ಅಳತೆ ಹೇಳಬೇಕಾದದ್ದು ಅವರಿಗೆ. ಲಜ್ಜೆಯ ರಕ್ಷಣೆಗೆಂದು ಮಾಡಿದ ವ್ಯವಸ್ಥೆ ಲಜ್ಜೆಯನ್ನು ಹೀಗೆ ಹರಾಜಿಗಿಟ್ಟಿತ್ತು. ಆ ಅಂಗಡಿಗಳಲ್ಲಿ ಹೆಂಗಸರನ್ನೇ ನೇಮಿಸಿ ಎಂದು ಜಿದ್ದಾದ ಉಪನ್ಯಾಸಕಿ ರೀಮ್ ಅಸ್ಅದ್ ಚಳವಳಿ ಹೂಡಿದರು. 2011ರಲ್ಲಿ ದೊರೆ ಅಬ್ದುಲ್ಲಾಹ್ ಆದೇಶ ಹೊರಡಿಸಿದರು, 2012ರ ಜನವರಿಯಲ್ಲಿ ಜಾರಿಯಾಯಿತು. ಆಗಲೂ ದೇಶದ ಮುಫ್ತಿ ವಿರೋಧಿಸಿದರು! ಗಂಡಸು ಮಾರಿದರೆ ನುಂಗಿಕೊಂಡ ಧರ್ಮಭಾವನೆಗೆ ಹೆಂಗಸು ಮಾರಲು ನಿಂತಾಗ ನೋವಾಯಿತು.

ನಮ್ಮ ದೇಶದಲ್ಲಿ 2018ರಲ್ಲಿ ದೇವಬಂದ್‌ನ ದಾರುಲ್ ಉಲೂಮ್‌ನಿಂದ ಒಂದು ಫತ್ವಾ ಬಂತು: ಹೆಂಗಸರು ಪರಪುರುಷ ಬಳೆಗಾರನಿಂದ ಬಳೆ ತೊಡಿಸಿಕೊಳ್ಳಬಾರದು. ಕೈ ಮುಟ್ಟುವ ಪ್ರಶ್ನೆಯಾದ್ದರಿಂದ ಅದರ ತರ್ಕಕ್ಕೆ ಧರ್ಮಶಾಸ್ತ್ರವಾದ ಫಿಖ್‌ಹ್‌ನಲ್ಲಿ ಆಧಾರವಿದೆ, ಅದನ್ನು ಗೇಲಿ ಮಾಡಲಾರೆ. ಆದರೆ ಆ ತರ್ಕವನ್ನು ಪೂರ್ತಿ ನಡೆಸಿದರೆ ಸಿಗುವ ಉತ್ತರವೇನು? ಹೆಂಗಸರೇ ಬಳೆಯಂಗಡಿ ಇಡಲಿ, ಹೆಂಗಸರೇ ಬಟ್ಟೆ ಅಳೆಯಲಿ, ಜಮಾಅತ್ ಅದಕ್ಕೆ ಮಳಿಗೆ ಕೊಡಲಿ ಎಂದಲ್ಲವೇ? ಪೇಟೆಯಲ್ಲಿ ಹೆಣ್ಣು ಕಡಿಮೆಯಾಗಬೇಕು ಎಂಬ ವಾದ ಕೊನೆಗೆ ಅವಳನ್ನು ತಳ್ಳುವುದು ಪರಗಂಡಸರ ಮುಂದಕ್ಕೇ.

ಕರಾವಳಿಯ ಬೀಡಿ ಕಟ್ಟುವ ಹೆಂಗಸರನ್ನು ನೋಡಿದರೆ ಈ ‘ಮನೆಯೊಳಗಿನ ಮರ್ಯಾದೆ’ಯ ಬೆಲೆ ಗೊತ್ತಾಗುತ್ತದೆ. ದಕ್ಷಿಣ ಕನ್ನಡದ ಎಷ್ಟೋ ಬ್ಯಾರಿ ಮನೆಗಳು ಈ ಹೆಂಗಸರ ಬೆರಳಿನ ಮೇಲೆ ನಿಂತಿವೆ. ಮೈಸೂರು, ಬೆಂಗಳೂರಿನ ಗಲ್ಲಿಗಳಲ್ಲಿ ಊದುಬತ್ತಿ ಹೊಸೆಯುವವರೂ ಹೀಗೆಯೇ. ಕೆಲಸ ಮನೆಯಲ್ಲಿ, ಆದ್ದರಿಂದ ಗೌರವದ್ದು. ಆದರೆ ಮಾಲು ಮಾರುವ ಪೇಟೆ ಅವಳದಲ್ಲ. ಅಲ್ಲಿನ ಬೆಲೆ ಅವಳಿಗೆ ಗೊತ್ತಿಲ್ಲ. ನಡುವೆ ಕಂಟ್ರಾಕ್ಟರ್ ಇದ್ದಾನೆ. ಎಲೆ ಕಡಿಮೆ ತೂಗಿ ಕೊಡುತ್ತಾನೆ, ಲೆಕ್ಕ ತುಂಬಿಸಲು ಅವಳು ಕೈಯಿಂದ ದುಡ್ಡು ಹಾಕಿ ಎಲೆ ಕೊಳ್ಳಬೇಕು. ಕಟ್ಟಿ ತಂದ ಬೀಡಿಯಲ್ಲಿ ಒಂದಿಷ್ಟನ್ನು ಸರಿಯಿಲ್ಲವೆಂದು ತೆಗೆದಿಟ್ಟು ಕೂಲಿ ಮುರಿಯುತ್ತಾನೆ. ಬೀಡಿ ಉದ್ಯಮದ ಬಗ್ಗೆ ಬರೆದ ಹಲವರು ಹೇಳಿರುವ ಹಳೆಯ ಮೋಸ ಇದು. ಈಗ ಕುರ್‌ಆನ್ ತೆಗೆಯಿರಿ. 83ನೇ ಅಧ್ಯಾಯ ಅಲ್ ಮುತಫ್ಫಿಫೀನ್ ತೆರೆದುಕೊಳ್ಳುವುದೇ ತಾನು ಪಡೆಯುವಾಗ ತುಂಬ ಅಳೆದುಕೊಂಡು ಕೊಡುವಾಗ ಕಡಿಮೆ ತೂಗುವವನ ಮೇಲಿನ ಶಾಪದಿಂದ. ಪೇಟೆಯ ಪಾಪಕ್ಕೆಂದೇ ಇಳಿದ ಅಧ್ಯಾಯ. ಬೀಡಿ ಡಿಪೋಗೆ ಬುಟ್ಟಿ ಹೊತ್ತು ಹೋಗುವವಳ ಮುಸುಕು ಎಷ್ಟು ಸರಿದಿದೆ ಎಂದು ಅಳೆಯುವ ನಮಗೆ, ಅವಳಿಗೆ ತೂಗಿಕೊಟ್ಟ ತಕ್ಕಡಿ ಎಷ್ಟು ಸರಿದಿದೆ ಎಂದು ನೋಡಲು ಪುರಸೊತ್ತಾಗಲಿಲ್ಲ. ಹೆಂಗಸರು ತಾವು ದುಡಿದದ್ದರ ಪಾಲಿಗೆ ಹಕ್ಕುದಾರರು ಎಂದು 4ನೇ ಅಧ್ಯಾಯದ 32ನೇ ವಚನ ಹೇಳುತ್ತದೆ. ಆ ಪಾಲು ಎಷ್ಟೆಂದು ತಿಳಿಯಲಾದರೂ ಅವಳು ಪೇಟೆ ಕಾಣಬೇಡವೇ?

ದುಂದುವೆಚ್ಚದ ಮಾತು ಬೇರೆ. ಈದ್ ಹೆಸರಲ್ಲಿ ಸಾಲ ಮಾಡಿ ಬಟ್ಟೆ ಕೊಳ್ಳುವುದು, ಕೊನೆಯ ಹತ್ತರ ಇಬಾದತ್ತನ್ನು ಮರೆಯುವುದು ಇಸ್ಲಾಮಿಗೆ ಒಪ್ಪುವುದಲ್ಲ. ಅದನ್ನು ಖತೀಬರು ಹೇಳಲೇಬೇಕು. ಆದರೆ ತರಾವೀಹ್‌ನ ಹಿಂದಿನ ಸಾಲು ಖಾಲಿ ಬಿಟ್ಟು ಕಬಾಬಿನ ಅಂಗಡಿ ಮುಂದೆ ಸಾಲು ನಿಂತವರೂ ಅದೇ ಲೆಕ್ಕಕ್ಕೆ ಸೇರಲಿ. ಅಲ್ಲದೆ ಮನೆಮಂದಿಗೆಲ್ಲ ಬಟ್ಟೆ ಆರಿಸುವುದು, ಅತ್ತೆಗೆ ಸೀರೆ, ನಾದಿನಿಗೆ ಚೂಡಿದಾರ್, ಗಂಡನಿಗೆ ಜುಬ್ಬಾ ಹೊಂದಿಸುವುದು ಅವಳ ತಲೆಗೇ ಕಟ್ಟಿದ ಕೆಲಸ. ಕೆಲಸವನ್ನೂ ಹೊರಿಸಿ, ಅದಕ್ಕೆ ಬೀದಿಗಿಳಿದಳೆಂದು ಬೈಯುವುದು ಯಾವ ಅದಬ್?

ಇದನ್ನು ಓದಿ ಆಚೆಯ ಹಿಂದುತ್ವ ಪಾಳಯದಲ್ಲಿ ಯಾರಾದರೂ ಮುಸಿಮುಸಿ ನಗುತ್ತಿದ್ದರೆ, ನಗಬೇಡಿ. 2022ರಲ್ಲಿ ತಲೆಯ ಮೇಲಿನ ಬಟ್ಟೆಯ ನೆಪದಲ್ಲಿ ಉಡುಪಿಯ ಹುಡುಗಿಯರನ್ನು ಕಾಲೇಜಿನ ಗೇಟಿನಲ್ಲಿ ನಿಲ್ಲಿಸಿದ್ದು, ಅದೇ ವರ್ಷ ಕಾಪುವಿನ ಮಾರಿಪೂಜೆಯ ಸಂತೆಯಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಜಾಗ ನಿರಾಕರಿಸಿದ್ದು ನೀವೇ. ಹೊದ್ದರೆ ಕಾಲೇಜಿಗೆ ಬರಬೇಡ ಎಂದಿರಿ ನೀವು. ಹೊದ್ದರೂ ಪೇಟೆಗೆ ಬರಬೇಡ ಎನ್ನುತ್ತಾರೆ ಇವರು. ಅವಳನ್ನು ಮನೆಗೆ ಕಳಿಸುವ ವಿಷಯದಲ್ಲಿ ಇಬ್ಬರ ನಡುವೆ ಜಗಳವೇ ಇಲ್ಲ.

ಖತೀಬರಿಗೂ ಜಮಾಅತ್ ಕಮಿಟಿಗಳಿಗೂ ನನ್ನ ಬೇಡಿಕೆ ದೊಡ್ಡದೇನಲ್ಲ. ಬರುವ ರಮ್ಝಾನಿನ ಕೊನೆಯ ಜುಮಾಕ್ಕೆ ವಿಷಯ ಅನ್ನೂರ್ ಅಧ್ಯಾಯದ 30ನೇ ವಚನವಾಗಲಿ. ಕೇಳಬೇಕಾದವರು ಹೇಗೂ ಎದುರಿಗೇ ಕೂತಿರುತ್ತಾರೆ. ಪೇಟೆಬೀದಿಯ ಮಸೀದಿಗಳಲ್ಲಿ ಹೆಂಗಸರಿಗೆ ವುಝೂ ಮಾಡಿ ಮಗ್ರಿಬ್ ನಮಾಝ್ ಮಾಡಲು ಒಂದು ಕೋಣೆ, ಒಂದು ಶೌಚಾಲಯ ಬಿಟ್ಟುಕೊಡಿ. ಇಫ್ತಾರಿನ ಹೊತ್ತಿಗೆ ಪೇಟೆಯಲ್ಲೇ ಸಿಕ್ಕಿಕೊಂಡವಳಿಗೆ ಎರಡು ಖರ್ಜೂರ, ಒಂದು ಲೋಟ ನೀರು ಸಿಗುವಂತೆ ನೋಡಿ. ಕೆಲಸವಿಲ್ಲದೆ ನಿಂತ ಹುಡುಗರನ್ನು ಕದಲಿಸಲು ನಾಲ್ಕು ಹಿರಿಯರನ್ನು ಬೀದಿಗೆ ಇಳಿಸಿ. ಬೀಡಿ ಡಿಪೋಗಳ ತಕ್ಕಡಿಯನ್ನು ಒಮ್ಮೆ ಹೋಗಿ ನೋಡಿ ಬನ್ನಿ. ಇಷ್ಟು ಮಾಡಿದ ಮೇಲೆ ಹೆಂಗಸರ ಬಗ್ಗೆ ಹೇಳುವುದು ಇನ್ನೂ ಉಳಿದಿದ್ದರೆ, ಅವರನ್ನೂ ಒಳಗೆ ಕೂರಿಸಿಕೊಂಡು ಅವರ ಎದುರಿಗೇ ಹೇಳಿ.